‘ಸ್ವಲ್ಪ ಸ್ವಲ್ಪ ಬರ್ತೈತ್ರಿ’ ಅನ್ನೋದನ್ನು ಬಿಡುವುದು ಹೇಗೆ

ಹನ್ನೊಂದು ವರ್ಷದ ಹಿಂದೆ ಬೆಂಗಳೂರಿನ ಒಂದು ಕಂಪನಿಗೆ ಸಂದರ್ಶನಕ್ಕೆ ಹೋಗಿದ್ದೆ. ಅಷ್ಟೊತ್ತಿಗೆ ಗಂಗಾವತಿಯ ಒಂದು ರೈಸ್‌ಮಿಲ್ಲಿನಲ್ಲಿ ನಾಲ್ಕು ವರ್ಷ ಲೆಕ್ಕ ಬರೆದಿದ್ದೆ. ಭತ್ತದ ಖರೀದಿ ಚೀಟಿ, ಹಮಾಲರ ಕೂಲಿ, ಲಾರಿ ಬಾಡಿಗೆ, ವರ್ಷದ ಕೊನೆಯ ಆಡಿಟ್, ಎಲ್ಲ ನನ್ನ ಕೈಯಲ್ಲೇ ಹಾದುಹೋಗುತ್ತಿತ್ತು. ಟೇಬಲಿನ ಆಚೆ ಕೂತವರು ಕೇಳಿದರು, "ಟ್ಯಾಲಿ ಬರುತ್ತಾ?" ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಸಾಫ್ಟ್‌ವೇರ್ ಅದು. ನಾನು ತಲೆ ತಗ್ಗಿಸಿ ಅಂದೆ, "ಸ್ವಲ್ಪ ಸ್ವಲ್ಪ ಬರ್ತೈತ್ರಿ ಸರ್."

ಅವರು ಬರೆದುಕೊಂಡಿದ್ದೂ ಅಷ್ಟೇ. ಹೊರಗೆ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದ ಹುಡುಗ ಆರು ತಿಂಗಳ ಕೋರ್ಸ್ ಮುಗಿಸಿ ಬಂದಿದ್ದ. ಒಂದು ದಿನವೂ ಎಲ್ಲೂ ಲೆಕ್ಕ ಬರೆದಿರಲಿಲ್ಲ. ಕೆಲಸ ಅವನಿಗಾಯಿತು. ಬಹಳ ದಿನ ಅವನ ಮೇಲೆ ಸಿಟ್ಟಿತ್ತು. ಆಮೇಲೆ ಯೋಚನೆ ಮಾಡಿದರೆ ಅವನು ಸುಳ್ಳು ಹೇಳಿರಲಿಲ್ಲ. ಬರುವುದನ್ನು ಬರುತ್ತದೆ ಅಂದಿದ್ದ. ಸುಳ್ಳು ಹೇಳಿದ್ದು ನಾನು.

ನಮ್ಮ ಕಡೆ, ಅಂದರೆ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ, ಈ ಸುಳ್ಳಿಗೆ ವಿನಯ ಅಂತ ಹೆಸರು. "ನಮ್ದೇನೈತ್ರಿ", "ನಮ್ಮಂಥೋರಿಗೆ ಎಲ್ಲಾಗತೈತ್ರಿ", "ನೀವು ಹೇಳಿದಂಗ್ರಿ". ಹಿರಿಯರ ಮುಂದೆ ಬಾಯಿ ಮಾಡಬಾರದು ಅಂತ ಕಲಿಸಿದ್ದು ಒಳ್ಳೆಯದೇ. ಆದರೆ ಬಾಯಿ ಮಾಡಬೇಡ ಅಂದಿದ್ದನ್ನು ನಾವು ಬಾಯೇ ಬಿಡಬೇಡ ಅಂತ ಕೇಳಿಸಿಕೊಂಡೆವು. ಇದರ ಇನ್ನೊಂದು ತುದಿಯೂ ಇದೆ. ಎರಡು ವರ್ಷ ಬೆಂಗಳೂರಲ್ಲಿದ್ದು ಊರಿಗೆ ಬಂದವನು ಅಪ್ಪನಿಗೇ ಗೊಬ್ಬರದ ಪಾಠ ಹೇಳುತ್ತಾನೆ. ಅದಕ್ಕೆ ಆತ್ಮವಿಶ್ವಾಸ ಅಂತ ಹೆಸರು.

ಈಗ ಭಾನುವಾರ ಸಂಜೆ ನಮ್ಮ ಮನೆಯ ಮಾಳಿಗೆ ಮೇಲೆ ನಾಲ್ಕೈದು ಹುಡುಗ ಹುಡುಗಿಯರಿಗೆ ಸಂದರ್ಶನದ ತಯಾರಿ ಮಾಡಿಸುತ್ತೇನೆ. ಕಾರಟಗಿಯಿಂದ, ಸಿಂಧನೂರಿಂದಲೂ ಬರುತ್ತಾರೆ. ಕೆಳಗೆ ಬರೆದಿರುವುದು ಅಲ್ಲಿ ಮಾಡಿ, ಕೆಡಿಸಿ, ಮತ್ತೆ ಮಾಡಿ ಉಳಿದಿರುವ ಕ್ರಮ. ತಕ್ಕಡಿಯ ಒಂದು ತಟ್ಟೆಯಲ್ಲಿ ವಿನಯ, ಇನ್ನೊಂದರಲ್ಲಿ ವಿಶ್ವಾಸ ಇಟ್ಟು ತೂಗುವ ಮಾತನ್ನು ಬಹಳ ಜನ ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಒಂದನ್ನು ಹೆಚ್ಚು ಮಾಡಲು ಇನ್ನೊಂದನ್ನು ಕಡಿಮೆ ಮಾಡುವ ಲೆಕ್ಕ ಇದಲ್ಲ. ಎರಡಕ್ಕೂ ಬೇಕಾಗಿರುವುದು ಒಂದೇ ಕೆಲಸ: ಇರುವ ಮಟ್ಟವನ್ನು ಇದ್ದ ಹಾಗೆ ಹೇಳುವುದು.

ಮೊದಲು ಮಟ್ಟ ಬರೆಯಿರಿ

ನಮ್ಮ ಕಡೆ ಮಳೆಗಾಲದಲ್ಲಿ ಪೇಪರ್ ಬಂದ ಕೂಡಲೇ ಜನ ನೋಡುವುದು ತುಂಗಭದ್ರಾ ಡ್ಯಾಮಿನ ಲೆಕ್ಕ. ಗರಿಷ್ಠ ಮಟ್ಟ 1633 ಅಡಿ. ಇವತ್ತಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಆ ಮೂರು ಸಾಲು ನೋಡಿ ನಾಟಿ ಯಾವಾಗ ಅಂತ ತೀರ್ಮಾನ ಆಗುತ್ತದೆ, ಸಾಲ ಎಷ್ಟು ಎತ್ತಬೇಕು ಅಂತಲೂ ಆಗುತ್ತದೆ.

1953ರಲ್ಲಿ ನೀರು ನಿಲ್ಲಿಸಲು ಶುರು ಮಾಡಿದಾಗ ಈ ಡ್ಯಾಮಿನಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಹೂಳು ತುಂಬಿ ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಆ 105 ಅನ್ನು ಯಾರೂ ಮುಚ್ಚಿಡುವುದಿಲ್ಲ. ಒಂದು ವೇಳೆ ನಾಚಿಕೆಗೆ ಬಿದ್ದು 133 ಅಂತಲೇ ಹೇಳುತ್ತಾ ಹೋಗಿದ್ದರೆ ಏನಾಗುತ್ತಿತ್ತು? ಎಡದಂಡೆ ನಾಲೆಯ ಕೊನೆಯಲ್ಲಿರುವ ಮಾನ್ವಿ, ಸಿರವಾರ ಕಡೆಯ ರೈತ ನಾಟಿ ಮಾಡಿ ಒಣಗಿಸಿಕೊಳ್ಳುತ್ತಿದ್ದ. "ನಮ್ಮ ಡ್ಯಾಮಿನಾಗ ಏನೈತ್ರಿ, ಸ್ವಲ್ಪ ನೀರೈತಿ" ಅಂದಿದ್ದರೂ ಅಷ್ಟೇ, ಹೊಲ ಸುಮ್ನೆ ಬೀಳು ಬೀಳುತ್ತಿತ್ತು.

ಹಾಗಾಗಿ ಮೊದಲ ಕೆಲಸಕ್ಕೆ ಬೇಕಾಗಿರುವುದು ಒಂದು ನೋಟ್‌ಬುಕ್, ಒಂದು ಪುಟ, ಮೂರು ಸಾಲು.

ಮೊದಲ ಸಾಲು, ಮಟ್ಟ: ಯಾರ ಸಹಾಯವೂ ಇಲ್ಲದೆ ನಾನು ಪೂರಾ ಮಾಡಬಲ್ಲ ಕೆಲಸ ಯಾವುದು? ಗುಣದ ಹೆಸರು ಬೇಡ. "ಶ್ರಮಜೀವಿ", "ಟೀಮ್ ಪ್ಲೇಯರ್" ಅಂತ ಬರೆದರೆ ನಾನು ಹೊಡೆದು ಹಾಕುತ್ತೇನೆ. ಕೆಲಸದ ಹೆಸರು ಬೇಕು, ಜೊತೆಗೆ ಎಷ್ಟು ಸಲ ಮಾಡಿದ್ದೀರಿ ಅನ್ನುವ ಲೆಕ್ಕ ಬೇಕು.

ಎರಡನೇ ಸಾಲು, ಒಳಹರಿವು: ಈ ತಿಂಗಳು ಹೊಸದಾಗಿ ಏನು ಕಲಿಯುತ್ತಿದ್ದೇನೆ, ಯಾರಿಂದ? ಈ ಸಾಲು ಖಾಲಿ ಉಳಿದರೆ ಗಾಬರಿ ಬೇಡ. ಆದರೆ ಮೂರು ತಿಂಗಳು ಖಾಲಿ ಉಳಿದರೆ ಯೋಚನೆ ಮಾಡಬೇಕು. ಬೇಸಿಗೆಯಲ್ಲಿ ಡ್ಯಾಮಿನ ಒಳಹರಿವೂ ನಿಲ್ಲುತ್ತದೆ, ಆದರೆ ವರ್ಷಪೂರ್ತಿ ನಿಲ್ಲುವುದಿಲ್ಲ.

ಮೂರನೇ ಸಾಲು, ಹೂಳು: ಒಂದು ಕಾಲಕ್ಕೆ ಚೆನ್ನಾಗಿ ಬರುತ್ತಿತ್ತು, ಈಗ ಬಿಟ್ಟುಹೋಗಿದೆ. ಇದನ್ನು ಬರೆಯುವಾಗ ಎಲ್ಲರ ಕೈ ನಿಲ್ಲುತ್ತದೆ. ಡಿಗ್ರಿಯಲ್ಲಿ ಓದಿದ್ದ ಅಂಕಿಸಂಖ್ಯಾಶಾಸ್ತ್ರ ನನಗೆ ಒಂದಕ್ಷರ ಉಳಿದಿಲ್ಲ. ಬಯೋಡೇಟಾದಲ್ಲಿ ಮಾತ್ರ ಹನ್ನೆರಡು ವರ್ಷ ಇತ್ತು! ಯಾರೋ ಅದರ ಬಗ್ಗೆ ಕೇಳಿಬಿಟ್ಟರೆ ಅನ್ನುವ ಹೆದರಿಕೆಯಲ್ಲೇ ಎಷ್ಟೋ ಕಡೆ ಬಾಯಿ ಒಣಗಿದೆ. ಆ ಸಾಲು ತೆಗೆದ ದಿನ ಎದೆ ಹಗುರ ಆಯಿತು. ಧೈರ್ಯ ಕಡಿಮೆ ಅಂದುಕೊಂಡಿದ್ದರಲ್ಲಿ ಅರ್ಧ, ಹೀಗೆ ಮುಚ್ಚಿಟ್ಟ ಹೂಳೇ ಆಗಿರುತ್ತದೆ.

ಎಷ್ಟು ಸಲ ಮಾಡಿದ್ದೀರಿ ಅಂತ ನಾನು ಒತ್ತಿ ಕೇಳುವುದಕ್ಕೆ ಕಾರಣ ಇದೆ. ಆಲ್ಬರ್ಟ್ ಬಂಡೂರಾ ಎಂಬ ಮನಶ್ಶಾಸ್ತ್ರಜ್ಞರು 1977ರಲ್ಲಿ, ‘ಈ ಕೆಲಸ ನನ್ನಿಂದ ಆಗುತ್ತದೆ’ ಅನ್ನುವ ನಂಬಿಕೆ ಎಲ್ಲಿಂದ ಬರುತ್ತದೆ ಅಂತ ನಾಲ್ಕು ಮೂಲ ಹೇಳಿದರು. ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡಿದ್ದನ್ನು ನೋಡುವುದು, ಬೇರೆಯವರ ಪ್ರೋತ್ಸಾಹದ ಮಾತು, ಮತ್ತೆ ಆ ಹೊತ್ತಿನ ಮೈ ಮನಸ್ಸಿನ ಸ್ಥಿತಿ. ಇವುಗಳಲ್ಲಿ ಎಲ್ಲಕ್ಕಿಂತ ಗಟ್ಟಿ ಮೊದಲನೆಯದು ಅಂದರು. ಕನ್ನಡಿ ಮುಂದೆ ನಿಂತು "ನನ್ನಿಂದ ಆಗುತ್ತೆ" ಅಂತ ಹತ್ತು ಸಲ ಹೇಳಿಕೊಳ್ಳುವುದಕ್ಕಿಂತ "ನಾನು ಇದನ್ನು ನಲವತ್ತು ಸಲ ಮಾಡಿದ್ದೇನೆ" ಅಂತ ಒಂದು ಸಲ ಬರೆಯುವುದು ಜಾಸ್ತಿ ಕೆಲಸ ಮಾಡುವುದು ಇದಕ್ಕೇ.

ವಾಕ್ಯ ಬದಲಿಸಿ, ಭಾಷೆ ಅಲ್ಲ

ಪುಟ ತುಂಬಿದ ಮೇಲೆ ಅದನ್ನು ಬಾಯಿಗೆ ತರಬೇಕು. ಇಲ್ಲೇ ನಾವು ಎಡವುವುದು.

"ಸ್ವಲ್ಪ ಬರ್ತೈತ್ರಿ" ಅನ್ನುವುದರಲ್ಲಿ ತಪ್ಪು ‘ಐತ್ರಿ’ಯಲ್ಲಿಲ್ಲ. ‘ಸ್ವಲ್ಪ’ದಲ್ಲಿದೆ. ಇದನ್ನು ಎಷ್ಟು ಸಲ ಹೇಳಿದರೂ ನಮ್ಮ ಹುಡುಗರು ನಂಬುವುದಿಲ್ಲ. ಬೆಂಗಳೂರಿನ ಕನ್ನಡ ಕಲಿತರೆ ವಿಶ್ವಾಸ ಬಂದಂಗೆ ಅಂತ ಅವರ ಲೆಕ್ಕ. ಒಬ್ಬ ಹುಡುಗ ಮೂರು ವಾರ ಕಷ್ಟಪಟ್ಟು "ಬರತ್ತೆ", "ಮಾಡ್ತೀನಿ" ಕಲಿತ. ಕೊನೆಗೆ ಹೇಳಿದ್ದೇನು? "ಸ್ವಲ್ಪ ಸ್ವಲ್ಪ ಬರತ್ತೆ ಸರ್." ‘ರೀ’ ಅನ್ನುವುದು ಎದುರಿನವರಿಗೆ ಕೊಡುವ ಗೌರವ. ಅದು ನಮ್ಮಿಂದ ಏನನ್ನೂ ಕಿತ್ತುಕೊಳ್ಳುವುದಿಲ್ಲ. ಅದನ್ನು ಇಟ್ಟುಕೊಂಡೇ ಮಾತಾಡಬಹುದು.

ವಾಕ್ಯಕ್ಕೆ ಮೂರು ತುಂಡು ಇರಲಿ. ಏನು ಮಾಡಿದ್ದೀನಿ. ಎಲ್ಲಿಗೆ ನಿಲ್ಲುತ್ತೀನಿ. ಉಳಿದದ್ದಕ್ಕೆ ಏನು ಮಾಡ್ತೀನಿ.

ನಾನು ಅವತ್ತು ಹೇಳಬೇಕಾಗಿದ್ದು ಇಷ್ಟೇ: "ಟ್ಯಾಲಿಯಾಗ ನಾಕು ವರ್ಷ ಮಿಲ್ಲಿನ ಪೂರಾ ಲೆಕ್ಕ ಬರದೀನ್ರಿ. ಸಂಬಳದ ಲೆಕ್ಕ ಅದರಾಗ ಮಾಡಿಲ್ರಿ, ಕೈಯಾಗ ಮಾಡತಿದ್ವಿ. ತೋರಿಸಿದ್ರ ಒಂದು ವಾರದಾಗ ಹಿಡಿತೀನ್ರಿ."

ಮೊದಲ ತುಂಡು ಇಲ್ಲದಿದ್ದರೆ ನೀವು ಇಲ್ಲವೇ ಇಲ್ಲ. ಎರಡನೇ ತುಂಡು ಇಲ್ಲದಿದ್ದರೆ ಕೇಳುವವರಿಗೆ ಅನುಮಾನ ಬರುತ್ತದೆ, ಎಲ್ಲ ಬರುತ್ತದೆ ಅನ್ನುವವರನ್ನು ಕೆಲಸ ಗೊತ್ತಿರುವವರು ನಂಬುವುದು ಕಡಿಮೆ. ನನ್ನ ಅನುಭವದಲ್ಲಿ ಈ ಎರಡನೇ ತುಂಡೇ ಮೊದಲನೆಯದಕ್ಕೆ ಬೆಲೆ ತರುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ನನ್ನ ಸೋದರತ್ತೆಯ ಮಗ ಹೊಸ ಕಡೆ ಕೆಲಸ ಕೇಳಲು ಹೋದಾಗ ಅಂದನಂತೆ, "ಪಾಕೆಟ್, ಜಿಪ್ಪು, ಬೆಲ್ಟು ಮೂರೂ ಕೂಡಸ್ತೀನಿ ಅಣ್ಣಾ. ಕಟಿಂಗ್ ಮಾಡಿಲ್ಲ. ವಾಷಿಂಗಿಗೆ ನನ್ನ ಕರೀಬ್ಯಾಡ್ರಿ, ಅದು ನನಗ ಗೊತ್ತಿಲ್ಲ." ಮಾಲೀಕರು ಪರೀಕ್ಷೆಗೆ ಒಂದು ಪ್ಯಾಂಟೂ ಹೊಲಿಸಲಿಲ್ಲವಂತೆ. ನನ್ನ ಹತ್ತಿರ ತಯಾರಿಗೆ ಬಂದವನೇನಲ್ಲ ಅವನು. ಅವನಿಂದ ನಾನೇ ಕಲಿತೆ.

ಈ ಮೂರು ತುಂಡಿನ ವಾಕ್ಯವನ್ನು ಜೋರಾಗಿ ಹೇಳಿ ಅಭ್ಯಾಸ ಮಾಡಿ. ಮನಸ್ಸಿನಲ್ಲಿ ಹೇಳಿಕೊಂಡರೆ ಆಗಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲ ನಿಮಗೇ ಅದು ಜಂಭದ ಹಾಗೆ ಕೇಳಿಸುತ್ತದೆ. ಮನೆಯವರಿಗೆ ಕೇಳಿಸಿ, ಅವರಿಗೆ ಹಾಗೆ ಅನ್ನಿಸುವುದಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಎಲ್ಲ ತಗ್ಗಿದ ದನಿಯೂ ಅಭ್ಯಾಸದಿಂದ ಬಂದಿದ್ದಲ್ಲ. ಗೌಡರ ಮನೆ ಮುಂದೆ ಕೂಲಿಗೆ ನಿಂತವನು ದನಿ ಏರಿಸಿದರೆ ನಾಳೆ ಕೂಲಿ ಇರುವುದಿಲ್ಲ. ಅವನ ದನಿ ಅಲ್ಲಿ ತಗ್ಗಿರುವುದು ಅವನ ಕೊರತೆಯಿಂದಲ್ಲ, ಅಲ್ಲಿ ಮಾತಾಡಿದ್ದಕ್ಕೆ ದಂಡ ಇದೆ ಅಂತ. ಅಂಥವರಿಗೆ ಆತ್ಮವಿಶ್ವಾಸದ ಉಪದೇಶ ಮಾಡುವುದು ನಾಚಿಕೆಗೇಡು. ಹೆಣ್ಣುಮಕ್ಕಳದ್ದೂ ಬಹಳ ಕಡೆ ಇದೇ ಕತೆ. ನಮ್ಮ ಓಣಿಯಲ್ಲಿ ಹತ್ತು ವರ್ಷದಿಂದ ಸ್ತ್ರೀಶಕ್ತಿ ಸಂಘದ ಪಾಸ್‌ಬುಕ್ ನೋಡಿಕೊಳ್ಳುವ ಅಕ್ಕ ಒಬ್ಬರಿದ್ದಾರೆ. ಒಂದು ರೂಪಾಯಿ ಆಚೀಚೆ ಆಗಿಲ್ಲ. ಬ್ಯಾಂಕಿನವರು ಏನಾದರೂ ಕೇಳಿದರೆ, "ನನಗೇನ್ ತಿಳೀತೈತ್ರಿ, ನಮ್ಮನಿಯವರನ್ನ ಕೇಳ್ರಿ" ಅನ್ನುತ್ತಾರೆ. ಅವರ ಮನೆಯವರಿಗೆ ಸಂಘದ ಖಾತೆ ಯಾವ ಬ್ಯಾಂಕಿನಲ್ಲಿದೆ ಅಂತಲೂ ಗೊತ್ತಿಲ್ಲ! 1978ರಲ್ಲಿ ಅಮೆರಿಕದ ಪೌಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಇಂಥದ್ದನ್ನೇ ಬರೆದರು. ಓದಿನಲ್ಲಿ, ಕೆಲಸದಲ್ಲಿ ಗೆದ್ದ ಹೆಂಗಸರೂ ‘ನನಗೆ ನಿಜವಾಗಿ ಏನೂ ಬರುವುದಿಲ್ಲ, ಒಂದು ದಿನ ಸಿಕ್ಕಿಬೀಳುತ್ತೇನೆ’ ಅಂತ ಒಳಗೊಳಗೆ ಹೆದರುವುದನ್ನು ಅವರು ಕಂಡಿದ್ದರು. ಅಲ್ಲಿಯೂ ಅದೇ, ನಮ್ಮ ಓಣಿಯಲ್ಲೂ ಅದೇ. ಅಂಥವರು ಮೊದಲು ನೋಟ್‌ಬುಕ್ ಒಂದನ್ನೇ ಮಾಡಲಿ. ವಾಕ್ಯವನ್ನು ಮೊದಲ ಸಲ ಎಲ್ಲಿ ಹೇಳಬೇಕು ಅನ್ನುವುದನ್ನು ಅವರೇ ಆರಿಸಿಕೊಳ್ಳಲಿ, ದಂಡ ಕಡಿಮೆ ಇರುವ ಜಾಗದಲ್ಲಿ.

ಅಂದಾಜು ಮೊದಲು, ಮಿಷನ್ ಆಮೇಲೆ

ನನಗೆ ಇದನ್ನು ಕಲಿಸಿದ್ದು ನಮ್ಮ ಮಿಲ್ಲಿನಲ್ಲಿ ಭತ್ತ ನೋಡುವ ಕಾಕಾ. ಮೂವತ್ತು ವರ್ಷ ಅದೇ ಕೆಲಸ ಮಾಡಿದ್ದಾರೆ. ಚೀಲಕ್ಕೆ ಬೊಂಬು ಚುಚ್ಚಿ ಒಂದು ಹಿಡಿ ಭತ್ತ ತೆಗೆಯುತ್ತಾರೆ, ಅಂಗೈಯಲ್ಲಿ ತಿಕ್ಕುತ್ತಾರೆ, ಒಂದು ಕಾಳು ಹಲ್ಲಿಗಿಟ್ಟು ಕಟ್ ಅನ್ನಿಸುತ್ತಾರೆ. "ಹದಿನೆಂಟು" ಅನ್ನುತ್ತಾರೆ. ತೇವಾಂಶ ಅಂದರೆ ಅದು. ಸರ್ಕಾರದ ಬೆಂಬಲ ಬೆಲೆ ಖರೀದಿಗೆ 17 ಶೇಕಡಾ ಮೀರಬಾರದು ಅಂತ ನಿಯಮ ಇರುವುದರಿಂದ ಒಂದು ಅಂಕಿಯ ವ್ಯತ್ಯಾಸಕ್ಕೂ ರೈತರ ಹೊಟ್ಟೆ ಉರಿಯುತ್ತದೆ. ಕಾಕಾ ಹೇಳಿದ ಮೇಲೆ ಅದೇ ಭತ್ತವನ್ನು ಮೀಟರಿಗೆ ಹಾಕುತ್ತಾರೆ. ಬಹಳ ಸಲ 18ರ ಆಸುಪಾಸೇ ಇರುತ್ತದೆ.

ಹೊಸದರಲ್ಲಿ ಕೇಳಿದ್ದೆ. "ಕಾಕಾ, ಹ್ಯಾಂಗೂ ಮಿಷನ್ ಐತಲ್ಲ, ಮೊದಲ ಯಾಕ ಹೇಳ್ತೀರಿ?"

"ಹೇಳದಿದ್ರ ನಾ ಯಾಕ ಬೇಕವ್ವಾ ಇಲ್ಲಿ?"

"ಹಂಗಾರ ಹೇಳಿದ ಮ್ಯಾಲ ಮಿಷನ್ ಯಾಕ?"

"ನನ್ನ ಹಲ್ಲಿಗೆ ವಯಸ್ಸಾಗೇತಿ."

ಮಿಷನ್ ನೋಡಿ ಆಮೇಲೆ "ನಾನೂ ಅದೇ ಅನ್ಕೊಂಡಿದ್ದೆ" ಅನ್ನುವವರು ಎಲ್ಲ ಕಡೆ ಇದ್ದಾರೆ. ಅವರು ಯಾವತ್ತೂ ಸೋಲುವುದಿಲ್ಲ, ಅದಕ್ಕೇ ಯಾವತ್ತೂ ಕಲಿಯುವುದೂ ಇಲ್ಲ. ಅಂದಾಜು ಹೇಳಿ ಮಿಷನ್ನೇ ಬೇಡ ಅನ್ನುವವರು ಇನ್ನೊಂದು ಜಾತಿ.

ಮಾಡುವ ಕ್ರಮ ಹೀಗೆ. ಒಂದು ತಿಂಗಳು, ದಿನಕ್ಕೆ ಒಂದೇ ಅಂದಾಜು, ಬರೆದಿಡಿ. ನಿಮ್ಮ ಕೆಲಸದ ಬಗ್ಗೆಯೇ ಇರಬೇಕು. ಈ ಬಿಲ್ ಮುಗಿಸಲು ಎಷ್ಟು ಹೊತ್ತು ಹಿಡಿಯುತ್ತದೆ? ಈ ಮಾಕ್ ಟೆಸ್ಟಿನಲ್ಲಿ ಎಷ್ಟು ಅಂಕ ಬರುತ್ತದೆ? ಇವತ್ತಿನ ಪಾಠ ಎಷ್ಟು ಮಕ್ಕಳಿಗೆ ತಿಳಿಯುತ್ತದೆ? ಪಕ್ಕದಲ್ಲಿ ಜಾಗ ಬಿಟ್ಟು ಸಂಜೆ ನಿಜವಾಗಿ ಆಗಿದ್ದನ್ನು ಬರೆಯಿರಿ. ತಿಂಗಳ ಕೊನೆಗೆ ನೋಡಿದರೆ ನಿಮ್ಮ ಓಲಾಟ ಯಾವ ಕಡೆ ಅಂತ ಗೊತ್ತಾಗುತ್ತದೆ. ಪಿಎಸ್ಐ ಪರೀಕ್ಷೆಗೆ ಓದುತ್ತಿದ್ದ ಒಬ್ಬ ಹುಡುಗಿ ಪ್ರತಿ ಟೆಸ್ಟಿಗೂ ತನಗೆ ಬರುವುದಕ್ಕಿಂತ ಹದಿನೈದು ಇಪ್ಪತ್ತು ಅಂಕ ಕಡಿಮೆ ಬರೆಯುತ್ತಿದ್ದಳು. ಅವಳ ಅಣ್ಣ ಅಷ್ಟೇ ಜಾಸ್ತಿ ಬರೆಯುತ್ತಿದ್ದ. ಒಂದೇ ಮನೆ, ಒಂದೇ ಊಟ. ಇಬ್ಬರಿಗೂ ಒಂದೇ ಬುದ್ಧಿಮಾತು ಹೇಳಿದರೆ ನಡೆಯುತ್ತದಾ?

ಇದು ಹೊಸ ವಿಷಯವೇನಲ್ಲ. 1999ರಲ್ಲಿ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನ್ನಿಂಗ್ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವ್ಯಾಕರಣ, ತರ್ಕ, ಹಾಸ್ಯ ಈ ಮೂರರಲ್ಲಿ ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ನಿಮ್ಮ ಸ್ಥಾನ ಎಲ್ಲಿದೆ ಅಂತ ಅವರನ್ನೇ ಕೇಳಿದರು. ತೀರಾ ಕೆಳಗಿದ್ದವರು ತಮ್ಮನ್ನು ಬಹಳ ಮೇಲೆ ಇಟ್ಟುಕೊಂಡಿದ್ದರು. ಎಲ್ಲರಿಗಿಂತ ಮೇಲಿದ್ದವರು ತಮ್ಮನ್ನು ಇರುವುದಕ್ಕಿಂತ ಸ್ವಲ್ಪ ಕೆಳಗೆ ಇಟ್ಟುಕೊಂಡಿದ್ದರು. ಈ ಅಧ್ಯಯನದ ಬಗ್ಗೆ ಆಮೇಲೆ ವಾದ ವಿವಾದ ನಡೆದಿದೆ. ಜನ ಇದನ್ನು ಬೇರೆಯವರನ್ನು ದಡ್ಡ ಅನ್ನಲು ಬಳಸುವುದೇ ಜಾಸ್ತಿ. ನನಗೆ ಬೇಕಾಗಿರುವುದು ಇಷ್ಟು: ನಮ್ಮ ಹಲ್ಲನ್ನು ನಾವೇ ನಂಬಿದರೆ ಸಾಲದು, ಮಿಷನ್ ಒಂದು ಇರಲಿ.

ಕೇಳುವುದಕ್ಕೂ ಒಂದು ವಿಧಾನ ಇದೆ

ಸಂದರ್ಶನದ ಪಾಠ ಕಲಿತ ಮೇಲೆ ನಾನು ಇನ್ನೊಂದು ಕಡೆ ವಾಲಿದೆ. ಮಿಲ್ಲಿನಲ್ಲಿ ಹೆಣ್ಣುಮಗಳು ಲೆಕ್ಕ ನೋಡುತ್ತಾಳೆ ಅಂದರೆ ಬಂದವರೆಲ್ಲ ಹಿಂದೆ ಯಾರಾದರೂ ಗಂಡಸು ಇದ್ದಾನಾ ಅಂತ ಇಣುಕುತ್ತಾರೆ. ಅವರೆದುರು ಯಾರನ್ನೂ ಕೇಳಬಾರದು ಅಂತ ಹಟ ಬಂತು. ಅದು ವಿಶ್ವಾಸ ಅಂದುಕೊಂಡಿದ್ದೆ.

2022ರ ಜುಲೈ 18ರಿಂದ ಅಕ್ಕಿಯ ಜಿಎಸ್‌ಟಿ ನಿಯಮ ಬದಲಾಯಿತು. ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಾಕಿದ 25 ಕೆಜಿವರೆಗಿನ ಚೀಲಕ್ಕೆ 5 ಶೇಕಡಾ ತೆರಿಗೆ ಬಂತು. ನಾನು ಅದನ್ನು 25ಕ್ಕಿಂತ ಕಡಿಮೆ ಇರುವ ಚೀಲಕ್ಕೆ ಅಂತ ಓದಿಕೊಂಡೆ. ನಮ್ಮದೋ ಸರಿಯಾಗಿ 25ರ ಚೀಲ. ತೆರಿಗೆ ಇಲ್ಲದೆಯೇ ಬಿಲ್ ಹರಿದೆ. ಆಡಿಟರಿಗೆ ಒಂದು ಫೋನ್ ಮಾಡಿದ್ದರೆ ಅರ್ಧ ನಿಮಿಷದ ಕೆಲಸ. ಮಾಡಲಿಲ್ಲ. ಹನ್ನೆರಡು ದಿನದ ಬಿಲ್ಲು ಹೋದ ಮೇಲೆ ಅವರೇ ಫೋನ್ ಮಾಡಿದರು. ವ್ಯಾಪಾರಿಗಳಿಂದ ಆ ತೆರಿಗೆ ವಾಪಸ್ ವಸೂಲಿ ಆಗುತ್ತದಾ? ಮಾಲೀಕರು ಕೈಯಿಂದ ಕಟ್ಟಿದರು. ಬೈಯಲಿಲ್ಲ, ಅದೇ ಜಾಸ್ತಿ ಉರಿಯಿತು. ಆಮೇಲೆ ಮಾರುಕಟ್ಟೆಯಲ್ಲಿ 26 ಕೆಜಿ ಚೀಲಗಳು ಬಂದವಲ್ಲ, ಅದರ ಹಿಂದಿನ ಲೆಕ್ಕ ಇದೇ. ಈಗಲೂ ಆ ಚೀಲ ನೋಡಿದರೆ ನನಗೆ ಆ ಹನ್ನೆರಡು ದಿನ ನೆನಪಾಗುತ್ತದೆ.

ಅಲ್ಲಿಂದ ಕೇಳುವುದನ್ನು ಕಲಿತೆ. ಸುಮ್ನೆ ಹೋಗಿ "ಇದು ಹ್ಯಾಂಗ್ರಿ?" ಅಂತ ಕೇಳಿದರೆ ಎದುರಿನವರಿಗೆ ಎಲ್ಲಿಂದ ಶುರು ಮಾಡಬೇಕು ತಿಳಿಯುವುದಿಲ್ಲ. ನಿಮ್ಮ ಉತ್ತರವನ್ನು ಜೊತೆಗೆ ಒಯ್ಯಿರಿ. "ಸರ್, 25 ಕೆಜಿಗಿಂತ ಕಡಿಮಿ ಇರೋ ಚೀಲಕ್ಕಷ್ಟ ತೆರಿಗೆ ಅಂತ ನಾನು ತಿಳ್ಕೊಂಡೀನಿ. ಸರಿಯಾಗಿ 25 ಇದ್ರ ಅದರಾಗ ಸೇರ್ತೈತೋ ಇಲ್ಲೋ, ಅದೊಂದು ಅನುಮಾನ." ಪ್ರಶ್ನೆ ಒಂದೇ ಇರಲಿ, ಚೂಪಾಗಿರಲಿ. ಹೀಗೆ ಕೇಳಿದವರನ್ನು ಯಾರೂ ದಡ್ಡರು ಅಂದುಕೊಳ್ಳುವುದಿಲ್ಲ. ಮತ್ತೆ, ಅವರು ಹೇಳಿದ್ದು ಕೆಲಸಕ್ಕೆ ಬಂದ ಮೇಲೆ ಹಿಂತಿರುಗಿ ಹೇಳಿ. ಇದನ್ನು ಹತ್ತರಲ್ಲಿ ಒಂಬತ್ತು ಜನ ಮರೆಯುತ್ತಾರೆ.

ಕೇಳುವುದು ಸಣ್ಣವರ ಕೆಲಸ ಅನ್ನುವವರಿಗೆ 2024ರ ಆಗಸ್ಟ್ 10ರ ರಾತ್ರಿಯನ್ನು ನೆನಪಿಸುತ್ತೇನೆ. ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಡ್ಯಾಂ. ನೀರು ಸುಮ್ಮನೆ ಹೊಳೆಗೆ ಹೋಗುತ್ತಿತ್ತು. ಮಿಲ್ಲಿನಲ್ಲಿ ಆ ವಾರ ಯಾರೂ ಬೇರೆ ಮಾತಾಡಲಿಲ್ಲ. ಆಗ ಕರೆಸಿದ್ದು ಕನ್ನಯ್ಯ ನಾಯ್ಡು ಅವರನ್ನು. ಗೇಟುಗಳ ಕೆಲಸದಲ್ಲೇ ತಲೆ ನರೆತವರು, ನಿವೃತ್ತರಾಗಿ ಎಷ್ಟೋ ವರ್ಷ ಆಗಿತ್ತು. ಅಷ್ಟೊಂದು ಎಂಜಿನಿಯರುಗಳಿದ್ದೂ ಹಳಬರೊಬ್ಬರನ್ನು ಕರೆಯಲು ಹಿಂದೆ ಮುಂದೆ ನೋಡಲಿಲ್ಲ. ಅವರೂ ಬಂದು ಒಬ್ಬರೇ ಮಾಡಲಿಲ್ಲ, ಹತ್ತಾರು ಕೆಲಸಗಾರರ ಕೈ ಸೇರಿತು. ನೀರು ಹರಿಯುತ್ತಿದ್ದ ಹಾಗೆಯೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲು ನೀರು ತಡೆಯುವ ಉಕ್ಕಿನ ತುಂಡುಗಳನ್ನು ಇಳಿಸಿ ಒಂದು ವಾರದೊಳಗೆ ನಿಲ್ಲಿಸಿದರು. ಮರುವರ್ಷ, ಹಳೆ ಗೇಟುಗಳ ಮೇಲೆ ಭರವಸೆ ಸಾಲದು ಅಂತ ಡ್ಯಾಮಿನಲ್ಲಿ 80 ಟಿಎಂಸಿಯಷ್ಟೇ ನಿಲ್ಲಿಸುವ ತೀರ್ಮಾನ ಆಯಿತು. ನಮ್ಮ ರೈತರಿಗೆ ಅದರಿಂದ ನಷ್ಟವೇ. ಬೈದವರೂ ಇದ್ದಾರೆ. ಆದರೂ ಗೇಟು ಗಟ್ಟಿ ಇಲ್ಲದಿದ್ದಾಗ ಪೂರಾ ತುಂಬಿಸಿ ನಿಲ್ಲುವುದು ಧೈರ್ಯ ಅಲ್ಲ ಅಂತ ಬೈದವರಿಗೂ ಗೊತ್ತು.

ಹೊಗಳಿದಾಗ

ಇದು ಚಿಕ್ಕದು. ಯಾರಾದರೂ ಚೆನ್ನಾಗಿ ಮಾಡಿದೆ ಅಂದರೆ "ಅಯ್ಯ, ಏನಿಲ್ರಿ" ಅನ್ನಬೇಡಿ. ಅದು ಅವರ ಕಣ್ಣಿಗೇ ಬೆಲೆ ಇಲ್ಲ ಅಂದ ಹಾಗೆ. "ಖುಷಿ ಆತ್ರಿ" ಅನ್ನಿ, ಸಹಾಯ ಮಾಡಿದವರ ಹೆಸರು ಹೇಳಿ, ಮುಗಿಯಿತು. ಕೊಪ್ಪಳದ ಕಡೆ ಏನೇ ಗೆದ್ದರೂ ಗವಿಮಠದ ಗವಿಸಿದ್ಧಪ್ಪಜ್ಜನ ಆಶೀರ್ವಾದ ಅನ್ನುವುದು ರೂಢಿ. ಅನ್ನಿ, ತಪ್ಪೇನಿಲ್ಲ. ಒಬ್ಬ ಹುಡುಗಿ ಅದಕ್ಕೆ ಬಾಲ ಸೇರಿಸಿದಳು: "ಅಜ್ಜನ ಆಶೀರ್ವಾದರಿ, ಮತ್ತ ನಾನೂ ಆರು ತಿಂಗಳು ರಾತ್ರಿ ಕುಂತೀನ್ರಿ." ನನಗೆ ಬಹಳ ಹಿಡಿಸಿತು.

ಚಿಕ್ಕವರ ಹತ್ತಿರ ಕೂರಿ

ಮಾನ್ವಿಯ ಹರಿದಾಸ ಜಗನ್ನಾಥದಾಸರ ಕತೆ ರಾಯಚೂರು ಕಡೆ ಎಲ್ಲರಿಗೂ ಗೊತ್ತು. ದಾಸರಾಗುವ ಮೊದಲು ಅವರು ಶ್ರೀನಿವಾಸಾಚಾರ್ಯರು, ಸಂಸ್ಕೃತದಲ್ಲಿ ದೊಡ್ಡ ಪಂಡಿತರು. ಕನ್ನಡದಲ್ಲಿ ಹಾಡು ಕಟ್ಟುವ ವಿಜಯದಾಸರನ್ನು ಹಗುರವಾಗಿ ಕಂಡರು, ಊಟಕ್ಕೆ ಕರೆದರೆ ನೆಪ ಹೇಳಿ ತಪ್ಪಿಸಿಕೊಂಡರು, ಆಮೇಲೆ ಹೊಟ್ಟೆಯ ಬೇನೆ ಹಿಡಿದು ಅವರ ಬಳಿಗೇ ಹೋಗಬೇಕಾಯಿತು, ಅವರು ತಮ್ಮ ಶಿಷ್ಯ ಗೋಪಾಲದಾಸರ ಹತ್ತಿರ ಕಳಿಸಿದರು ಅಂತ ಐತಿಹ್ಯ. ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ "ನೋಡಿ, ಗರ್ವ ಮುರೀತು" ಅನ್ನುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಅದರ ಮುಂದಿನದು. ಅವರು ಕಲಿತ ವಿದ್ಯೆಯನ್ನು ಎಸೆಯಲಿಲ್ಲ. "ನನಗೇನೂ ಬರುವುದಿಲ್ಲ" ಅಂತ ಮೂಲೆಯಲ್ಲೂ ಕೂರಲಿಲ್ಲ. ಅದೇ ಪಾಂಡಿತ್ಯವನ್ನು ತಾವು ಕೀಳು ಅಂದುಕೊಂಡಿದ್ದ ಕನ್ನಡಕ್ಕೇ ಸುರಿದು ‘ಹರಿಕಥಾಮೃತಸಾರ’ ಬರೆದರು. ಬಾಗಿದ ಮೇಲೆ ಅವರು ಮಾಡಿದ ಕೆಲಸ ಬಾಗುವ ಮೊದಲಿಗಿಂತ ದೊಡ್ಡದು.

ನೀವು ಮಾಡಬೇಕಾದ್ದು: ತಿಂಗಳಿಗೊಮ್ಮೆ, ನಿಮಗಿಂತ ವಯಸ್ಸಿನಲ್ಲೋ ಹುದ್ದೆಯಲ್ಲೋ ಕೆಳಗಿರುವ ಒಬ್ಬರ ಹತ್ತಿರ ಅರ್ಧ ಗಂಟೆ ಕೂತು ಏನಾದರೂ ಕಲಿಯುವುದು. ನಾನು ಹೋದ ತಿಂಗಳು ಕೂತಿದ್ದು ನಮ್ಮ ಮಿಲ್ಲಿನ ಆಪರೇಟರ್ ಹುಡುಗನ ಹತ್ತಿರ, ಕಲರ್ ಸಾರ್ಟರ್ ಮಿಷನ್ ಕರಿ ಕಾಳನ್ನು ಹೇಗೆ ಹಿಡಿದು ಗಾಳಿಯಲ್ಲಿ ಊದಿ ಹಾಕುತ್ತದೆ ಅಂತ ತಿಳಿಯಲು. ಹನ್ನೊಂದು ವರ್ಷ ಅದರ ಕರೆಂಟ್ ಬಿಲ್ ಬರೆದಿದ್ದೆ, ಒಳಗೆ ಇಣುಕಿ ನೋಡಿರಲಿಲ್ಲ.

ತಪ್ಪಿದ್ದನ್ನೂ ಅದೇ ಪುಟದಲ್ಲಿ ಬರೆಯಿರಿ

ಬೇರೆ ಪುಟದಲ್ಲಿ ಬೇಡ. ಗೆದ್ದ ಪುಟ ತೋರಿಸಿ ಸೋತ ಪುಟ ಮಡಚಿಡುವ ಅಭ್ಯಾಸ ಬಂದುಬಿಡುತ್ತದೆ.

ಇದಕ್ಕೆ ನನ್ನ ಹತ್ತಿರ ಇರುವ ಉದಾಹರಣೆ 2,200 ವರ್ಷಕ್ಕೂ ಹಳೆಯದು. ಅಶೋಕನ ಕಿರುಶಿಲಾಶಾಸನಗಳು ನಮ್ಮ ಮೂರೂ ಜಿಲ್ಲೆಗಳಲ್ಲಿವೆ. ಕೊಪ್ಪಳದಲ್ಲಿ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿಯ ಸಿರುಗುಪ್ಪ ಕಡೆ ನಿಟ್ಟೂರು ಮತ್ತು ಉಡೆಗೋಳ, ರಾಯಚೂರಿನ ಮಸ್ಕಿ. ಮಸ್ಕಿಯದನ್ನು 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಕಂಡರು. ಅದರಲ್ಲಿ ಅಶೋಕ ಅನ್ನುವ ಹೆಸರೇ ಇದ್ದುದರಿಂದ, ಬೇರೆ ಶಾಸನಗಳ ‘ದೇವಾನಾಂಪ್ರಿಯ’ ಅವನೇ ಅನ್ನುವುದಕ್ಕೆ ಗಟ್ಟಿ ಆಧಾರ ಸಿಕ್ಕಿತು. ಶಾಲೆಯಲ್ಲಿ ಇಷ್ಟು ಓದಿದ್ದೆವು. ಶಾಸನದಲ್ಲಿ ಏನು ಬರೆದಿದೆ ಅಂತ ಯಾರೂ ಹೇಳಿರಲಿಲ್ಲ.

ಈ ಶಾಸನದ ಹಲವು ಪ್ರತಿಗಳಲ್ಲಿ ಚಕ್ರವರ್ತಿ ತನ್ನ ಬಗ್ಗೆ ಹೇಳಿಕೊಳ್ಳುವುದು ಹೀಗೆ: ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಆದರೆ ಮೊದಮೊದಲು ನಾನು ಸರಿಯಾಗಿ ಪ್ರಯತ್ನ ಮಾಡಲಿಲ್ಲ, ಒಂದು ವರ್ಷಕ್ಕೂ ಹೆಚ್ಚಾಯಿತು, ಬೌದ್ಧ ಸಂಘದ ಹತ್ತಿರ ಬಂದ ಮೇಲೆ ಚೆನ್ನಾಗಿ ಪ್ರಯತ್ನಿಸುತ್ತಿದ್ದೇನೆ. ನಾನು ಸರಿಯಾಗಿ ಮಾಡಲಿಲ್ಲ ಅಂತ ಬಂಡೆಯ ಮೇಲೆ ಕೆತ್ತಿಸಿದ ದೊರೆ! ಮಸ್ಕಿಯ ಪಾಠದಲ್ಲಿ ಮುಂದೆ ಇನ್ನೊಂದು ಮಾತು ಬರುತ್ತದೆ. ಇದು ದೊಡ್ಡವರಿಗೆ ಮಾತ್ರ ಸಾಧ್ಯ ಅಂತ ತಿಳಿಯಬಾರದು, ಚಿಕ್ಕವನಿಗೂ ಸಾಧ್ಯ, ಇದನ್ನು ಚಿಕ್ಕವರಿಗೂ ದೊಡ್ಡವರಿಗೂ ಹೇಳಬೇಕು ಅಂತ. "ನಮ್ಮಂಥೋರಿಗೆ ಎಲ್ಲಾಗತೈತ್ರಿ" ಅನ್ನುವ ಮಾತಿಗೆ ನಮ್ಮದೇ ಗುಡ್ಡದಲ್ಲಿ ಇಷ್ಟು ಹಳೆಯ ಉತ್ತರ ಇತ್ತು, ನಾವು ಓದಿರಲಿಲ್ಲ ಅಷ್ಟೇ. ಭಾನುವಾರದ ಹುಡುಗರನ್ನು ಒಮ್ಮೆ ಗವಿಮಠದ ಗುಡ್ಡಕ್ಕೆ ಕರೆದುಕೊಂಡು ಹೋಗಿ ಅಲ್ಲೇ ನೋಟ್‌ಬುಕ್ ಬರೆಸಿದೆ. ಬಿಸಿಲು ಜೋರಿತ್ತು, ಎಲ್ಲರೂ ಚಿಕ್ಕದಾಗಿ ಬರೆದರು.

ತಪ್ಪು ಬರೆಯುವಾಗ ಅಶೋಕನ ಕ್ರಮವನ್ನೇ ಹಿಡಿಯಿರಿ. ಏನು ಆಗಲಿಲ್ಲ, ಎಷ್ಟು ದಿನ ಆಗಲಿಲ್ಲ, ಈಗ ಏನು ಮಾಡುತ್ತಿದ್ದೇನೆ. "ನಾನು ಸೋಮಾರಿ", "ನನಗೆ ತಲೆ ಇಲ್ಲ" ಅಂತ ಬೈದುಕೊಳ್ಳುವುದು ಬೇಡ. ನನ್ನ ಪುಟದಲ್ಲಿ ಹೀಗಿದೆ: "25 ಕೆಜಿ ಚೀಲ, 12 ದಿನ, ಕೇಳಲಿಲ್ಲ. ಈಗ ಹೊಸ ನಿಯಮ ಬಂದ ದಿನವೇ ಆಡಿಟರಿಗೆ ಫೋನ್."

ಪೂರಾ ಕ್ರಮಕ್ಕೆ ಎರಡು ತಿಂಗಳು ಸಾಕು. ಮೊದಲ ವಾರ ಮಟ್ಟದ ಪುಟ, ಎರಡನೇ ವಾರ ಮೂರು ತುಂಡಿನ ವಾಕ್ಯ, ಆಮೇಲೆ ಒಂದು ತಿಂಗಳು ಅಂದಾಜು. ಉಳಿದದ್ದು ಸಂದರ್ಭ ಬಂದ ಹಾಗೆ. ನಡುವೆ ಬಿಟ್ಟುಹೋದರೆ ಬಿಟ್ಟ ದಿನಗಳನ್ನು ಖಾಲಿಯಾಗಿಯೇ ಬಿಡಿ, ಹಿಂದಿನ ತಾರೀಖು ಹಾಕಿ ತುಂಬಬೇಡಿ. ಲೆಕ್ಕ ಬರೆಯುವವಳಾಗಿ ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಈ ಲೇಖನ ಶುರು ಮಾಡುವ ದಿನ ನನ್ನ ನೋಟ್‌ಬುಕ್ಕಿನಲ್ಲಿ ಅಂದಾಜು ಬರೆದಿದ್ದೆ: ಎರಡು ತಾಸು. ಪಕ್ಕದ ಜಾಗದಲ್ಲಿ ಈಗ ಬರೆದೆ: ಐದು ಸಂಜೆ.